ಟೆಸ್ಟ್ ದಿನದ ಹೊಟ್ಟೆನೋವು

ಪಿಯುಸಿಯಲ್ಲಿ ದಿನಾ ಮಸ್ಕಿಯಿಂದ ಸಿಂಧನೂರಿಗೆ ಬಸ್ಸು. ಟೆಸ್ಟ್ ಇದ್ದ ದಿನ ಮಾತ್ರ ಹೊಟ್ಟೆ ಹಿಂಡ್ತಿತ್ತು. "ಹೊರಗ ಏನ್ ತಿಂದಿಯೋ?" ಅಂತ ಅವ್ವ ಬೈತಿದ್ಲು, ನಾನು ಗ್ಯಾಸ್ ಮಾತ್ರೆ ನುಂಗ್ತಿದ್ದೆ.

ಹೆದರಿದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ. ಎದೆಬಡಿತ ಜೋರಾಗುತ್ತೆ, ಜೀರ್ಣಕ್ರಿಯೆ ಏರುಪೇರಾಗುತ್ತೆ. ಅಂದ್ರೆ ಆ ನೋವು ನಾಟಕ ಅಲ್ಲ. ಉಲ್ಟಾನೂ ಇದೆ: ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೆ ಮನಸ್ಸೂ ಕುಗ್ಗಬಹುದು. ಅದಕ್ಕೇ "ಎಲ್ಲಾ ಟೆನ್ಷನ್ನು" ಅಂತ ನಾವೇ ತೀರ್ಪು ಕೊಡದೆ ಡಾಕ್ಟರಿಗೆ ತೋರಿಸಿ, ಬ್ಲಡ್ ಟೆಸ್ಟ್ ಬೇಕಾ ಕೇಳಬೇಕು.

ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲೇ ಮನೋವೈದ್ಯರು ನೋಡ್ತಾರೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, ನಂಬರ್ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಲಿಂಗಸುಗೂರಿನ ನನ್ನ ರೂಮ್‌ಮೇಟ್ ಈ ನಂಬರ್ ಕೊಟ್ಟ. ಡಯಲ್ ಮಾಡೋಕೆ ನನಗೆ ಮೂರು ವಾರ ಬೇಕಾಯ್ತು.