ಎಣಿಸಿ ನುಂಗುವ ಮಾತ್ರೆ

ಕ್ಯಾನ್ಸರ್. ಈ ಹೆಸರು ಕೇಳಿದರೆ ನಮಗೆಲ್ಲ ಎದೆ ಝಲ್ ಅನ್ನುತ್ತದೆ. ಬಾಯಿಬಿಟ್ಟು ಹೇಳಲಿಕ್ಕೂ ಹೆದರುತ್ತೇವೆ. 'ಆ ಕಾಯಿಲೆ' ಅಂತ ಪಿಸುಗುಟ್ಟುತ್ತೇವೆ. ಆದರೆ ಇವತ್ತು ಈ ಕಾಯಿಲೆಗೆ ಹಲವು ಚಿಕಿತ್ಸೆಗಳಿವೆ. ಆಪರೇಷನ್ ಇದೆ. ಕರೆಂಟ್ ಕೊಡುವುದು ಇದೆ. ಸೂಜಿಯಿಂದ ರಕ್ತಕ್ಕೆ ಔಷಧಿ ಬಿಡುವುದೂ ಇದೆ. ಈ ಔಷಧಿ ಚಿಕಿತ್ಸೆಗೆ 'ಕೀಮೋ' ಅನ್ನುತ್ತಾರೆ.

ಕೀಮೋ ಬರೀ ಸೂಜಿಯಲ್ಲಿ ಬರುವುದಿಲ್ಲ. ಮಾತ್ರೆಯಲ್ಲೂ ಬರುತ್ತದೆ. ಕೆಲವು ಕಡೆ ಮಾತ್ರೆಗೆ ಗುಳಿಗೆ ಅನ್ನುತ್ತೇವೆ. ವೈದ್ಯರು ಚೀಟಿ ಬರೆದು ಕೊಡುತ್ತಾರೆ. ನಾವು ಮಾತ್ರೆ ತಂದು ಮನೆಯಲ್ಲೇ ನುಂಗುತ್ತೇವೆ. ಆಸ್ಪತ್ರೆಯಲ್ಲಿ ಮಲಗುವ ಕಷ್ಟ ಇಲ್ಲ. ಮನೆ, ಮಕ್ಕಳು, ದನಕರು ಬಿಟ್ಟು ಹೋಗುವ ಚಿಂತೆ ಕಡಿಮೆ.

ಆದರೆ ಒಂದು ಮಾತು. ಸೂಜಿ ಕೀಮೋ ಕೊಡುವಾಗ ಪಕ್ಕದಲ್ಲಿ ನರ್ಸ್ ಇರುತ್ತಾರೆ. ಅಳತೆ ನೋಡುತ್ತಾರೆ. ತೊಂದರೆ ಆದರೆ ಕೂಡಲೇ ನಿಲ್ಲಿಸುತ್ತಾರೆ. ಮನೆಯಲ್ಲಿ ಆ ಕೆಲಸ ಯಾರದು? ನಮ್ಮದೇ. ಮಾತ್ರೆ ಚಿಕ್ಕದು ಅಂತ ಔಷಧಿ ಚಿಕ್ಕದಲ್ಲ. ಸೂಜಿಯಷ್ಟೇ ಬಲ ಇದಕ್ಕೂ ಇದೆ. ಅದಕ್ಕೇ ಎಣಿಸಿ ನುಂಗಬೇಕು. ತೊಂದರೆ ಆದರೆ ಬಾಯಿಬಿಟ್ಟು ಹೇಳಬೇಕು. ಈ ಪಾಠದಲ್ಲಿ ಅದನ್ನೇ ಕಲಿಯೋಣ.

ಮಾತ್ರೆಯ ಹೆಸರು

ಕೀಮೋ ಮಾತ್ರೆಗಳು ಹಲವು. ಒಂದೊಂದಕ್ಕೆ ಒಂದೊಂದು ನಿಯಮ. ಇಲ್ಲಿ ಒಂದು ಮಾತ್ರೆಯ ವಿಷಯ ತಿಳಿಯೋಣ. ಅದರ ಹೆಸರು ಕ್ಯಾಪಿಸಿಟಬಿನ್. ಹೆಸರು ಉದ್ದ. ಬಿಡಿಸಿ ಓದಿ: ಕ್ಯಾ-ಪಿ-ಸಿ-ಟ-ಬಿನ್.

ಸ್ತನದ ಕ್ಯಾನ್ಸರ್, ದೊಡ್ಡ ಕರುಳಿನ ಕ್ಯಾನ್ಸರ್, ಜಠರದ ಕ್ಯಾನ್ಸರ್, ಇವುಗಳಿಗೆ ಇದನ್ನು ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿಗಳ ಒಂದು ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಇದೂ ಇದೆ.

ಇದು ಹೇಗೆ ಕೆಲಸ ಮಾಡುತ್ತದೆ?

ನಮ್ಮ ಮೈ ಕಣ್ಣಿಗೆ ಕಾಣದ ಕಣಗಳಿಂದ ಆಗಿದೆ. ಇವೇ ಜೀವಕೋಶಗಳು. ಕ್ಯಾನ್ಸರ್ ಬಂದಾಗ ಕೆಲವು ಜೀವಕೋಶಗಳು ಹದ್ದು ಮೀರಿ ಬೆಳೆಯುತ್ತವೆ. ಹೊಲದಲ್ಲಿ ಕಳೆ ಬೆಳೆಯುವ ಹಾಗೆ.

ನುಂಗಿದ ಮಾತ್ರೆ ಮೈಯೊಳಗೆ ಬದಲಾಗಿ ಇನ್ನೊಂದು ಔಷಧಿ ಆಗುತ್ತದೆ. ಅದು ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ತಡೆಯುತ್ತದೆ. ಆದರೆ ನಮ್ಮ ಬಾಯಿ ಒಳಗಿನ ಚರ್ಮ, ಕರುಳಿನ ಒಳಪದರ, ರಕ್ತದ ಕಣಗಳು, ಇವೂ ಬೇಗ ಬೆಳೆಯುತ್ತವೆ. ಕಳೆ ತೆಗೆಯುವಾಗ ಪೈರಿಗೂ ಕುಡುಗೋಲು ತಾಗುತ್ತದೆ ಅಲ್ವಾ? ಹಾಗೇ ಇವಕ್ಕೂ ಪೆಟ್ಟು ಬೀಳುತ್ತದೆ. ಅದಕ್ಕೇ ಬಾಯಿ ಹುಣ್ಣು, ಭೇದಿ, ಸುಸ್ತು ಬರುತ್ತವೆ.

14 ದಿನ ಮಾತ್ರೆ, 7 ದಿನ ಬಿಡುವು

ಈ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ನುಂಗಬೇಕು. ಆಮೇಲೆ 7 ದಿನ ನುಂಗಬಾರದು. ಒಟ್ಟು 21 ದಿನಕ್ಕೆ ಒಂದು ಸುತ್ತು. ಒಬ್ಬ ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಹತ್ತಿರ ಕೇಳುತ್ತಿದ್ದಾರೆ ಅಂತ ಇಟ್ಟುಕೊಳ್ಳೋಣ.

"ಸಿಸ್ಟರ್, ಏಳು ದಿನ ಸುಮ್ಮನೆ ಯಾಕೆ ಬಿಡಬೇಕು? ದಿನಾ ನುಂಗಿದರೆ ಬೇಗ ವಾಸಿ ಆಗಲ್ವಾ?"

"ಇಲ್ಲಮ್ಮ. ಆ ಏಳು ದಿನ ಪೈರು ಚೇತರಿಸಿಕೊಳ್ಳೋಕೆ. ಬಿಡುವೇ ಕೊಡದಿದ್ದರೆ ಕಳೆ ಜೊತೆ ಪೈರೂ ಹೋಗುತ್ತೆ. ಬಿಡುವೂ ಚಿಕಿತ್ಸೆಯೇ."

"ಏಳು ದಿನ ಆದ ಕೂಡಲೇ ಮತ್ತೆ ಶುರು ಮಾಡಲಾ?"

"ನೀವಾಗಿ ಶುರು ಮಾಡಬೇಡಿ. ರಕ್ತ ಪರೀಕ್ಷೆ ಮಾಡಬೇಕು. ಡಾಕ್ಟರು ನೋಡಿ, 'ಸರಿ' ಅಂದ ಮೇಲೆ ಶುರು ಮಾಡಿ."

ಸೋಮವಾರ ಬೆಳಿಗ್ಗೆ ಮೊದಲ ಮಾತ್ರೆ ನುಂಗಿದರೆ, ಎರಡನೇ ಭಾನುವಾರ ರಾತ್ರಿ ಕೊನೆಯದು. ಮೂರನೇ ವಾರ ಪೂರ್ತಿ ಬಿಡುವು. ಇದನ್ನು ಬಾಯಿಲೆಕ್ಕದಲ್ಲಿ ಇಟ್ಟರೆ ತಪ್ಪುತ್ತದೆ. ಗೋಡೆಯ ಕ್ಯಾಲೆಂಡರ್ ತನ್ನಿ. ಮಾತ್ರೆ ದಿನಗಳಿಗೆ ಸೊನ್ನೆ ಸುತ್ತಿ. ಬಿಡುವಿನ ದಿನಗಳಿಗೆ ಅಡ್ಡಗೆರೆ ಎಳೆಯಿರಿ. ಬೆಳಿಗ್ಗೆ ನುಂಗಿದ ಮೇಲೆ 'ಬೆ' ಅಂತ ಬರೆಯಿರಿ. ರಾತ್ರಿ ನುಂಗಿದ ಮೇಲೆ 'ರಾ' ಅಂತ ಬರೆಯಿರಿ. ಕಲಿತ ಅಕ್ಷರ ಇಲ್ಲಿ ಜೀವ ಕಾಯುತ್ತದೆ.

ಎಷ್ಟು ಮಾತ್ರೆ?

ನಮ್ಮ ಎತ್ತರ, ತೂಕ ನೋಡಿ ವೈದ್ಯರು ಲೆಕ್ಕ ಹಾಕುತ್ತಾರೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಆಗದು. ಪಕ್ಕದ ಊರಿನವರು ಎರಡು ನುಂಗುತ್ತಾರೆ, ನಾನೂ ಎರಡೇ ನುಂಗುತ್ತೇನೆ ಅನ್ನಬಾರದು.

ಈ ಮಾತ್ರೆ ಎರಡು ಅಳತೆಯಲ್ಲಿ ಬರುತ್ತದೆ. ಒಂದು 150 ಮಿಲಿಗ್ರಾಂ. ಇನ್ನೊಂದು 500 ಮಿಲಿಗ್ರಾಂ. ಮಾತ್ರೆ ಶೀಟಿನ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇರಬಹುದು. ಆದರೆ ಅಂಕಿ ನಮಗೆ ಓದಲು ಬರುತ್ತದೆ. 150 ಇದೆಯೋ, 500 ಇದೆಯೋ ನೋಡಿ. ಚೀಟಿಯಲ್ಲಿ ಇರುವ ಅಂಕಿಯೇ ಶೀಟಿನ ಮೇಲೂ ಇರಬೇಕು. ಬೇರೆ ಇದ್ದರೆ ಔಷಧಿ ಅಂಗಡಿಯಲ್ಲೇ ಕೇಳಿ. ಮನೆಗೆ ಬಂದ ಮೇಲೆ ಗೊತ್ತಾದರೆ, ನುಂಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ಒಂದು ಲೆಕ್ಕ ಮಾಡೋಣ. ಒಬ್ಬ ಅಕ್ಕನಿಗೆ ಬೆಳಿಗ್ಗೆ 3, ರಾತ್ರಿ 3 ಮಾತ್ರೆ. ದಿನಕ್ಕೆ 6. 14 ದಿನಕ್ಕೆ 84. ಇದು ಉದಾಹರಣೆ ಅಷ್ಟೇ. ನಿಮ್ಮ ಚೀಟಿಯ ಲೆಕ್ಕ ಬೇರೆ ಇರಬಹುದು. ನಿಮ್ಮ ಲೆಕ್ಕ ನೀವೇ ಮಾಡಿ, ನರ್ಸ್ ಹತ್ತಿರ ತೋರಿಸಿ.

ನುಂಗುವ ಕ್ರಮ

1. ಊಟ ಅಥವಾ ತಿಂಡಿ ಮುಗಿದ ಅರ್ಧ ಗಂಟೆಯೊಳಗೆ ನುಂಗಿ. ಖಾಲಿ ಹೊಟ್ಟೆಯಲ್ಲಿ ಬೇಡ. ಮನೆಮಂದಿಗೆಲ್ಲ ಬಡಿಸಿ ಕಡೆಗೆ ಉಣ್ಣುವ ರೂಢಿ ಈ ದಿನಗಳಲ್ಲಿ ಬಿಡಿ. ಹೊತ್ತಿಗೆ ಸರಿಯಾಗಿ ಉಣ್ಣಿ.

2. ಬೆಳಿಗ್ಗೆಗೂ ರಾತ್ರಿಗೂ ನಡುವೆ ಸುಮಾರು 12 ಗಂಟೆ ಇರಲಿ. ಬೆಳಿಗ್ಗೆ 8 ಗಂಟೆಗೆ ನುಂಗಿದರೆ ರಾತ್ರಿ 8 ಗಂಟೆಗೆ ನುಂಗಿ.

3. ನೀರಿನ ಜೊತೆ ಇಡಿಯಾಗಿ ನುಂಗಿ. ಮುರಿಯಬೇಡಿ. ಪುಡಿ ಮಾಡಬೇಡಿ. ಅಗಿಯಬೇಡಿ. ನುಂಗಲು ಆಗದಿದ್ದರೆ ವೈದ್ಯರಿಗೆ ಹೇಳಿ.

4. ಒಂದು ಹೊತ್ತು ಮರೆತರೆ ಬಿಟ್ಟುಬಿಡಿ. ಮುಂದಿನ ಹೊತ್ತಿಗೆ ಎರಡರಷ್ಟು ನುಂಗಬೇಡಿ. ನುಂಗಿದ ಮೇಲೆ ವಾಂತಿ ಆದರೂ ಅಷ್ಟೇ. ಮತ್ತೆ ನುಂಗಬೇಡಿ. ಮರೆತದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ವೈದ್ಯರಿಗೆ ತೋರಿಸಿ.

5. ಉಳಿದ ಮಾತ್ರೆಯನ್ನು ಬಿಡುವಿನ ವಾರದಲ್ಲಿ ನುಂಗಬೇಡಿ. ದುಡ್ಡು ಕೊಟ್ಟಿದ್ದು ದಂಡ ಆಗುತ್ತೆ ಅನಿಸಬಹುದು. ಆದರೆ ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯ. ತಪ್ಪಿ ಹೆಚ್ಚು ನುಂಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಬೇರೆ ಔಷಧಿ ಜೊತೆ ಹುಷಾರು

ರಕ್ತ ಕಡಿಮೆ ಇರುವ ಹೆಂಗಸರಿಗೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅದರಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಬೇರೆಯವರಿಗೆ ಅದು ಒಳ್ಳೆಯದು. ಆದರೆ ಕ್ಯಾಪಿಸಿಟಬಿನ್ ಜೊತೆ ಸೇರಿದರೆ ತೊಂದರೆ ಹೆಚ್ಚಬಹುದು. ವೈದ್ಯರನ್ನು ಕೇಳದೆ ನುಂಗಬೇಡಿ. ರಕ್ತ ತೆಳ್ಳಗೆ ಮಾಡುವ ವಾರ್ಫರಿನ್, ಮೂರ್ಛೆರೋಗದ ಫೆನಿಟೋಯಿನ್, ಇವನ್ನು ನುಂಗುತ್ತಿದ್ದರೂ ಹೇಳಿ. ಮೂತ್ರಪಿಂಡದ ತೊಂದರೆ ಇದ್ದರೂ ಹೇಳಿ. ನಾಟಿ ಔಷಧಿ, ಕಷಾಯ ಕುಡಿಯುತ್ತಿದ್ದರೆ ಮುಚ್ಚಿಡಬೇಡಿ.

ಗರ್ಭಿಣಿ ಆಗಿದ್ದರೆ ಮೊದಲೇ ಹೇಳಿ. ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಮಾತ್ರೆ ನುಂಗುವಾಗ, ಮುಗಿದ ಮೇಲೆ 6 ತಿಂಗಳವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮಗುವಿಗೆ ಎದೆಹಾಲು ಕೊಡಬಾರದು.

ಯಾವಾಗ ನಿಲ್ಲಿಸಿ ಫೋನ್ ಮಾಡಬೇಕು?

ಹೆಂಗಸರು ನೋವನ್ನು ನುಂಗಿಕೊಂಡು ಸುಮ್ಮನಿರುತ್ತೇವೆ. ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ, ಕಾಯಿಲೆ ಹೆಚ್ಚುತ್ತದೆ ಅಂತ ಭಯ. ಮನೆಯವರಿಗೆ ಇನ್ನಷ್ಟು ಖರ್ಚು ಅಂತ ಸಂಕೋಚ. ಆದರೆ ಈ ಮಾತ್ರೆಯ ವಿಷಯದಲ್ಲಿ ಸುಮ್ಮನಿರುವುದೇ ದೊಡ್ಡ ಅಪಾಯ. ಬೇಗ ಹೇಳಿದರೆ ವೈದ್ಯರು ಕೆಲವು ದಿನ ನಿಲ್ಲಿಸಿ, ಅಳತೆ ತಗ್ಗಿಸಿ, ಮತ್ತೆ ಮುಂದುವರಿಸಬಹುದು. ತಡ ಮಾಡಿದರೆ ಚಿಕಿತ್ಸೆಯೇ ನಿಂತುಹೋಗಬಹುದು.

ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ. ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ:

• ದಿನಾ ಹೋಗುವುದಕ್ಕಿಂತ 4 ಸಲ ಅಥವಾ ಹೆಚ್ಚು ಸಲ ಭೇದಿ ಆದರೆ. ರಾತ್ರಿ ಎದ್ದು ಹೋಗಬೇಕಾದರೆ.
• ಒಂದೇ ದಿನದಲ್ಲಿ ಒಂದು ಸಲಕ್ಕಿಂತ ಹೆಚ್ಚು ವಾಂತಿ ಆದರೆ.
• ಬಾಯಲ್ಲಿ ಹುಣ್ಣಾಗಿ ಊಟ ಸೇರದಿದ್ದರೆ.
• ಅಂಗೈ, ಅಂಗಾಲು ಕೆಂಪಾಗಿ, ಊದಿ, ನೋವಿನಿಂದ ಕೆಲಸ ಮಾಡಲು ಆಗದಿದ್ದರೆ.
• ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಇದ್ದರೆ. ಜ್ವರದ ಮಾತ್ರೆ ನುಂಗಿ ಮಲಗಿಬಿಡಬೇಡಿ. ರಕ್ತದ ಬಿಳಿ ಕಣ ಕಡಿಮೆ ಆಗಿರಬಹುದು.
• ಎದೆ ನೋವು ಬಂದರೆ. ಆಗ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಕೆಲವರ ಮೈಗೆ ಈ ಔಷಧಿಯನ್ನು ಕರಗಿಸುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಮೊದಲ ಸುತ್ತಿನಲ್ಲೇ ಜೋರಾಗಿ ಭೇದಿ, ಬಾಯಿ ಹುಣ್ಣು ಬರುತ್ತವೆ. ಅದಕ್ಕೇ ಮೊದಲ ಸುತ್ತಿನಲ್ಲಿ ಹೆಚ್ಚು ಎಚ್ಚರ ಬೇಕು.

ಕಿದ್ವಾಯಿ ಆಸ್ಪತ್ರೆ ಬೆಂಗಳೂರಿನಲ್ಲಿದೆ. ಬೀದರಿನವರು, ರಾಯಚೂರಿನವರು ಅಲ್ಲಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಯಾವ ಆಸ್ಪತ್ರೆ ಆದರೂ, ಮೊದಲ ದಿನವೇ ಎರಡು ಮಾತು ಕೇಳಿಕೊಂಡು ಬನ್ನಿ. ಹಗಲಲ್ಲಿ ಯಾವ ನಂಬರಿಗೆ ಫೋನ್ ಮಾಡಬೇಕು? ರಾತ್ರಿ ತೊಂದರೆ ಆದರೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು? ಎರಡನ್ನೂ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಹತ್ತಿರದ ಆಸ್ಪತ್ರೆಗೆ ಹೋಗುವಾಗ ಚೀಟಿ, ಮಾತ್ರೆ ಶೀಟು ಎರಡೂ ಕೈಯಲ್ಲಿರಲಿ.

ಕೈಕಾಲು ಕಾಪಾಡಿ

ಈ ಮಾತ್ರೆಯಿಂದ ಅಂಗೈ, ಅಂಗಾಲು ಉರಿಯಬಹುದು. ಜೋಮು ಹಿಡಿಯಬಹುದು. ಸಿಪ್ಪೆ ಏಳಬಹುದು. ಆದ್ದರಿಂದ ಬಿಸಿನೀರಿನಲ್ಲಿ ಕೈ ಅದ್ದಬೇಡಿ. ಬಿಸಿ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಬೇಡಿ. ಬಿಗಿ ಚಪ್ಪಲಿ ಹಾಕಬೇಡಿ. ಭಾರದ ಕೊಡ ಹೊರುವ ಕೆಲಸ ಮನೆಯ ಬೇರೆಯವರು ಮಾಡಲಿ. ಯಾವ ಮುಲಾಮು ಹಚ್ಚಬೇಕು ಅಂತ ಆಸ್ಪತ್ರೆಯಲ್ಲಿ ಕೇಳಿ.

ಇನ್ನೊಂದು ವಿಚಿತ್ರ ಕೇಳಿ. ಕೆಲವರಿಗೆ ಬೆರಳಿನ ಗೆರೆಗಳೇ ಅಳಿಸಿಹೋಗುತ್ತವೆ. 2009ರಲ್ಲಿ ಸಿಂಗಪುರದ ವೈದ್ಯರು ಇಂಥ ಒಬ್ಬ ರೋಗಿಯ ವಿಷಯ ಬರೆದರು. ಆತ ಅಮೆರಿಕಕ್ಕೆ ಹೋದಾಗ ಬೆರಳಚ್ಚು ಮೂಡಲಿಲ್ಲ. ಅಧಿಕಾರಿಗಳು ನಾಲ್ಕು ಗಂಟೆ ನಿಲ್ಲಿಸಿಕೊಂಡರು. ನಮಗೂ ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಮೂಡದೆ ಹೋಗಬಹುದು. ಹೆದರಬೇಡಿ. ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ಬೆರಳಚ್ಚಿನ ಬದಲು ಬೇರೆ ದಾರಿ ಏನಿದೆ ಅಂತ ಕೇಳಿ. ಸಹಿ ಸಾಕು ಅನ್ನುವ ಕಡೆ ಸಹಿ ಮಾಡಿ. ಹೆಬ್ಬೆಟ್ಟು ಅಳಿಸಿದರೂ ಕಲಿತ ಸಹಿ ಅಳಿಸುವುದಿಲ್ಲ.

ಮನೆಯವರು ತಿಳಿಯಬೇಕಾದ್ದು

ಕ್ಯಾನ್ಸರ್ ಅಂಟುರೋಗ ಅಲ್ಲ. ಜೊತೆಯಲ್ಲಿ ಕೂತು ಉಣ್ಣಬಹುದು. ಪಕ್ಕದಲ್ಲಿ ಮಲಗಬಹುದು. ಮೊಮ್ಮಕ್ಕಳನ್ನು ಮುದ್ದು ಮಾಡಬಹುದು. ತಟ್ಟೆ ಲೋಟ ಬೇರೆ ಇಡುವುದು ಬೇಡ.

ಜಾಗ್ರತೆ ಬೇಕಾದ್ದು ಮಾತ್ರೆಗೆ. ನುಂಗುವವರು ಬಿಟ್ಟು ಬೇರೆಯವರು ಬರಿಗೈಯಲ್ಲಿ ಮುಟ್ಟಬಾರದು. ಗರ್ಭಿಣಿಯರು, ಎದೆಹಾಲು ಕೊಡುವವರು, ಮಕ್ಕಳು ಮುಟ್ಟಲೇಬಾರದು. ಬೇರೆಯವರು ಕೊಡುವುದಾದರೆ ಕೈಗವಸು ಹಾಕಿಕೊಳ್ಳಲಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ವಾಂತಿ, ಭೇದಿ ಆದ ಬಟ್ಟೆಯನ್ನು ಕೈಗವಸು ಹಾಕಿ ಬೇರೆಯಾಗಿ ಒಗೆಯಬೇಕು.

ಮಾತ್ರೆಯನ್ನು ಬಿಸಿಲು, ಒಲೆಯ ಬಿಸಿ, ತೇವ ತಾಗದ ಕಡೆ ಇಡಿ. ಮಕ್ಕಳ ಕೈಗೆ ಸಿಗಬಾರದು. ಶೀಟಿನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಬೇಡಿ. ಉಳಿದ ಮಾತ್ರೆಯನ್ನು ಒಲೆಗೆ, ತಿಪ್ಪೆಗೆ, ಕಕ್ಕಸಿಗೆ ಹಾಕಬೇಡಿ. ಇನ್ನೊಬ್ಬ ರೋಗಿಗೂ ಕೊಡಬೇಡಿ. ಆಸ್ಪತ್ರೆಗೆ ವಾಪಸು ಕೊಡಿ.

ಲೆಕ್ಕ ಮಾಡೋಣ

1. ಬೆಳಿಗ್ಗೆ 2, ರಾತ್ರಿ 2 ಮಾತ್ರೆ. 14 ದಿನಕ್ಕೆ ಒಟ್ಟು ಎಷ್ಟು?
2. 14 ದಿನ ಆದ ಮೇಲೆ 2 ಮಾತ್ರೆ ಉಳಿದಿವೆ. ಏನಾಗಿರಬಹುದು? ಏನು ಮಾಡಬೇಕು?

ಮಾತಾಡೋಣ

1. ಬಿಡುವಿನ 7 ದಿನ ಯಾಕೆ ಬೇಕು?
2. ತೊಂದರೆ ಆದರೂ ನಾವು ಯಾಕೆ ಹೇಳುವುದಿಲ್ಲ? ಹೇಳಲು ಮನೆಯವರು ಹೇಗೆ ನೆರವಾಗಬಹುದು?

ಬರೆಯೋಣ

ಈ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಊರಿನಲ್ಲಿ ಯಾರಿಗಾದರೂ ಬೇಕಾದರೆ ಕೊಡಿ.

ಊಟ ಆದ ಮೇಲೆ ನುಂಗುತ್ತೇನೆ.
ಎಣಿಸಿ ನುಂಗುತ್ತೇನೆ.
ಬಿಡುವಿನ ದಿನ ನುಂಗುವುದಿಲ್ಲ.
ತೊಂದರೆ ಆದರೆ ಅದೇ ದಿನ ಹೇಳುತ್ತೇನೆ.