ಲ್ಯಾಪ್‌ಟಾಪ್ ಬಿಸಿಯೇರಿ ನಿಂತುಹೋದಾಗ

ಕೆಲಸದ ನಡುವೆ ಲ್ಯಾಪ್‌ಟಾಪ್ ಹಠಾತ್ತನೆ ನಿಂತುಹೋಗುವುದು ಅನೇಕ ವೇಳೆ ಅದರ ಆತ್ಮರಕ್ಷಣೆಯ ಕ್ರಮವಾಗಿರುತ್ತದೆ. ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸುತ್ತದೆ. ಶಾಖ ಇನ್ನೂ ಏರಿದರೆ ಯಂತ್ರವೇ ಸ್ಥಗಿತಗೊಳ್ಳುತ್ತದೆ. ಉಳಿಸದ ಬರಹ ಆಗ ನಷ್ಟವಾಗಬಹುದು.

ತಳಭಾಗ ಸುಡುತ್ತಿದ್ದು, ತಣಿದ ಬಳಿಕ ಯಂತ್ರ ಮತ್ತೆ ಸರಿಯಾಗಿ ನಡೆದರೆ ಶಾಖವೇ ಕಾರಣವೆಂದು ಊಹಿಸಬಹುದು. ಪರಿಹಾರಕ್ರಮಗಳು ಹೀಗಿವೆ:

1. ಹಾಸಿಗೆ, ದಿಂಬುಗಳ ಮೇಲಿಡದೆ ಸಮತಟ್ಟಾದ ಮೇಜಿನ ಮೇಲಿಡಬೇಕು.

2. ಸ್ವಿಚ್ ಆಫ್ ಮಾಡಿ, ಚಾರ್ಜರ್ ತೆಗೆದು, ಗಾಳಿಕಿಂಡಿಗಳ ಧೂಳನ್ನು ಮೃದುವಾದ ಒಣ ಬ್ರಷ್‌ನಿಂದ ನಿವಾರಿಸಬೇಕು.

3. ತೊಂದರೆ ಮುಂದುವರಿದರೆ ಫ್ಯಾನ್ ಹಾಗೂ ಪ್ರೊಸೆಸರಿನ ಮೇಲಿನ ಉಷ್ಣವಾಹಕ ಲೇಪವನ್ನು ತಂತ್ರಜ್ಞರಿಂದ ಪರೀಕ್ಷಿಸಬೇಕು.

ಎಚ್ಚರಿಕೆ: ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲೂಬಾರದು, ಚುಚ್ಚಲೂಬಾರದು, ಅದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.