ಹೊಳೆಯ ಮೀನು ಎಣಿಸುವುದು ಹೇಗೆ?

ಮಕ್ಕಳೇ, ಕಾವೇರಿಯ ಬೆನ್ನುಬ್ಬಿದ ಮಹಶೀರ್ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಇಂಥ ಮೀನುಗಳನ್ನು ಕಾಪಾಡಲು ಅವು ಎಷ್ಟಿವೆ ಎಂದು ತಿಳಿಯಬೇಕು. ನೀರಿನೊಳಗೆ ಒಂದೊಂದಾಗಿ ಎಣಿಸಲಾದೀತೇ?

ವಿಜ್ಞಾನಿಗಳು ಕೆಲವು ಮೀನು ಹಿಡಿದು, ನೋವಾಗದಂತೆ ಗುರುತು ಹಾಕಿ ಬಿಡುತ್ತಾರೆ. ಅವು ಉಳಿದವುಗಳೊಡನೆ ಬೆರೆತ ಮೇಲೆ ಮತ್ತೆ ಮೀನು ಹಿಡಿದು, ಗುರುತಿನವು ಎಷ್ಟೆಂದು ನೋಡುತ್ತಾರೆ.

ಮಾಡಿ ನೋಡಿ: ಡಬ್ಬಿ ತುಂಬ ಅವರೆಕಾಳು ಹಾಕಿ. 40 ಕಾಳು ತೆಗೆದು ಮಸಿ ಹಚ್ಚಿ, ಒಣಗಿಸಿ, ಮತ್ತೆ ಬೆರೆಸಿ. ಕಣ್ಣು ಮುಚ್ಚಿ 30 ಕಾಳು ತೆಗೆಯಿರಿ. ಅವುಗಳಲ್ಲಿ 6 ಮಸಿಯವು ಇದ್ದರೆ, 5 ಕಾಳಿಗೆ 1 ಗುರುತಿನದು ಎಂದಾಯಿತು. ಒಟ್ಟು ಸುಮಾರು 40 × 5 = 200 ಕಾಳು. ಈಗ ಎಣಿಸಿ ತಾಳೆ ನೋಡಿ.

ಯೋಚಿಸಿ: ಗುರುತಿನ ಮೀನುಗಳಲ್ಲಿ ಕೆಲವು ಸತ್ತರೆ? ಲೆಕ್ಕ ನಿಜಕ್ಕಿಂತ ಹೆಚ್ಚು ಬರುತ್ತದೆ. ಅಳಿಯುತ್ತಿರುವ ಮೀನು ಕ್ಷೇಮವಾಗಿದೆ ಎಂದು ನಾವು ಮೋಸಹೋಗುತ್ತೇವೆ!